ನಮ್ಮ ಜಿಲ್ಲೆಯ ನೀರಿನ ಬಗ್ಗೆ ಜರ್ನಲ್‌ಗೆ ಪೇಪರ್ ಬರೆಯುವುದು ಹೇಗೆ?

ಭೂವಿಜ್ಞಾನ ಓದುವವರಿಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ವಿಷಯಕ್ಕೆ ಬರವಿಲ್ಲ. ಪಾವಗಡ, ಬಾಗೇಪಲ್ಲಿ ಕಡೆಯ ಫ್ಲೋರೈಡ್ ನೀರು, ಕೆಜಿಎಫ್‌ನ ಸೈನೈಡ್ ಗುಡ್ಡಗಳು (ಚಿನ್ನ ತೆಗೆದ ಮೇಲೆ ಉಳಿದ ಗಣಿ ತ್ಯಾಜ್ಯ), 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು), ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು: ಯಾವುದನ್ನು ಹಿಡಿದರೂ ಒಂದು ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಪ್ರಾಜೆಕ್ಟ್ ಮುಗಿದ ಮೇಲೆ 'ಇದನ್ನೊಂದು ಪೇಪರ್ ಮಾಡಿ' ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದನ್ನು ಹೇಗೆ ಮಾಡುವುದು, ಏನನ್ನು ಮಾಡಬಾರದು ಎಂದು ಪಕ್ಕದಲ್ಲಿ ಕೂತು ಹೇಳಿಕೊಡುವವರು ಕಡಿಮೆ. ಎಂ.ಎಸ್ಸಿ., ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮತ್ತು ಪದವಿ ಕಾಲೇಜಿನ ಮೇಷ್ಟ್ರುಗಳಿಗೆ ಆ ದಾರಿ ತೋರಿಸಲು ಈ ಲೇಖನ.

ಪೀರ್ ರಿವ್ಯೂ ಎಂದರೆ ಇಷ್ಟೇ: ನೀವು ಕಳಿಸಿದ ಪೇಪರನ್ನು ಸಂಪಾದಕರು ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಓದಲು ಕೊಡುತ್ತಾರೆ. ಅವರ ಅಭಿಪ್ರಾಯ ನೋಡಿಕೊಂಡು, ಹಾಕುವುದೋ ತಿದ್ದಿಸುವುದೋ ವಾಪಸ್ ಕಳಿಸುವುದೋ ಎಂದು ತೀರ್ಮಾನಿಸುತ್ತಾರೆ. ಆದರೆ ದೆಹಲಿಯಲ್ಲೋ ಜರ್ಮನಿಯಲ್ಲೋ ಕೂತ ರಿವ್ಯೂವರ್ ಗುಡಿಬಂಡೆಗೆ ಬಂದು ನಿಮ್ಮ ಬೋರ್‌ವೆಲ್ ನೋಡುವುದಿಲ್ಲ. ಸ್ಯಾಂಪಲ್ ತೆಗೆದದ್ದು ಎಲ್ಲಿ, ಯಾವತ್ತು, ಹೇಗೆ ಎಂಬುದನ್ನು ಆತ ನಿಮ್ಮ ಮಾತಿನ ಮೇಲೆ ನಂಬುತ್ತಾನೆ. ನಮ್ಮ ವಿಷಯದಲ್ಲಿ ನೀತಿಯ ಮಾತೆಲ್ಲ ಬಂದು ನಿಲ್ಲುವುದು ಈ 'ಎಲ್ಲಿ' ಎಂಬ ಪ್ರಶ್ನೆಯ ಮೇಲೆ.

ಅದು ಎಷ್ಟು ದೊಡ್ಡ ಪ್ರಶ್ನೆ ಎನ್ನುವುದಕ್ಕೆ ನಮ್ಮ ದೇಶದ್ದೇ ಕಹಿ ಉದಾಹರಣೆಯಿದೆ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿಶ್ವಜಿತ್ ಗುಪ್ತಾ ಅವರು ಹಿಮಾಲಯದ ಜೀವಾಶ್ಮಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ನೂರಾರು ಪೇಪರ್ ಪ್ರಕಟಿಸಿದರು. 1989ರಲ್ಲಿ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 'ನೇಚರ್' ಪತ್ರಿಕೆಯಲ್ಲಿ ಇದರ ಬಣ್ಣ ಬಯಲು ಮಾಡಿದರು. ಹಿಮಾಲಯದಲ್ಲಿ ಸಿಕ್ಕವು ಎಂದು ತೋರಿಸಿದ್ದ ಎಷ್ಟೋ ಜೀವಾಶ್ಮಗಳು ಮೊರಾಕೊದಂಥ ಬೇರೆ ದೇಶಗಳವು. ಜೀವಾಶ್ಮಗಳು ಅಸಲಿಯೇ, ಸುಳ್ಳಾಗಿದ್ದದ್ದು ಊರಿನ ಹೆಸರು. ಜತೆ ಲೇಖಕರಾಗಿದ್ದ ಹಲವರು ಆ ಜಾಗಗಳನ್ನು ಕಣ್ಣಿಂದ ನೋಡಿರಲಿಲ್ಲ, ಕೈಗೆ ಬಂದ ಕಲ್ಲನ್ನು ನಂಬಿ ಸಹಿ ಹಾಕಿದ್ದರು. ಅಷ್ಟೂ ವರ್ಷ ರಿವ್ಯೂ ನಡೆದೇ ಇತ್ತು.

1. ಬೋರ್‌ವೆಲ್ ಹತ್ತಿರ ಮಾಡಬೇಕಾದದ್ದು

ಪೇಪರ್ ಶುರುವಾಗುವುದು ಕಂಪ್ಯೂಟರ್ ಮುಂದೆ ಅಲ್ಲ, ಮೋಟಾರ್ ಸ್ಟಾರ್ಟರ್ ಹತ್ತಿರ. ಮೋಟಾರ್ ಹಾಕಿದ ಕೂಡಲೇ ಬರುವ ನೀರು ಪೈಪಿನೊಳಗೆ ನಿಂತಿದ್ದ ನೀರು. ಐದು ಹತ್ತು ನಿಮಿಷ ಬಿಡಿ. ಈಸಿ ಮೀಟರ್ (ನೀರಿನ ವಿದ್ಯುತ್ ವಾಹಕತೆ ಅಳೆಯುವ ಸಾಧನ) ಇಟ್ಟು, ಅಂಕಿ ಒಂದೇ ಕಡೆ ನಿಂತ ಮೇಲೆ ಬಾಟಲಿ ಹಿಡಿಯಿರಿ. ಅದೇ ನೀರಲ್ಲಿ ಬಾಟಲಿಯನ್ನು ಎರಡು ಮೂರು ಸಲ ತೊಳೆದು, ಗಾಳಿ ಉಳಿಯದಂತೆ ತುಂಬಿ. ಫ್ಲೋರೈಡ್ ನೋಡುವುದಿದ್ದರೆ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಏಕೆಂದರೆ ಫ್ಲೋರೈಡ್ ಗಾಜಿನ ಜತೆ ವರ್ತಿಸುತ್ತದೆ. ಲೋಹ ಮತ್ತು ಕ್ಯಾಲ್ಸಿಯಂ ಸೋಡಿಯಂಗಳಿಗೆ ಬೇರೆ ಬಾಟಲಿ ಇಟ್ಟು, ಸೋಸಿದ ನೀರಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು.

ಆಮೇಲೆ ಬರೆಯುವ ಕೆಲಸ. ಬಾಟಲಿಯ ಮೇಲೆ ಅಳಿಸದ ಮಾರ್ಕರ್‌ನಲ್ಲಿ ಸಂಖ್ಯೆ. ಫೀಲ್ಡ್ ಬುಕ್‌ನಲ್ಲಿ ಅದೇ ಸಂಖ್ಯೆ, ತಾರೀಕು, ಗಂಟೆ, ಊರು, ಜಿಪಿಎಸ್ ಅಂಕಿ, ಬೋರ್‌ವೆಲ್ ಎಷ್ಟು ಅಡಿ, ಕೇಸಿಂಗ್ ಎಷ್ಟು, ಪಕ್ಕದಲ್ಲಿ ತಿಪ್ಪೆಯಿದೆಯೋ ಕೆರೆಯಿದೆಯೋ. ಆಳವನ್ನು ಹೇಳಿದವರು ಮಾಲೀಕರಾದರೆ 'ಮಾಲೀಕರು ಹೇಳಿದ್ದು' ಎಂದೇ ಬರೆಯಿರಿ, ನೀವೇ ಅಳೆದಂತೆ ಬರೆಯಬೇಡಿ. ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆ ಪುಸ್ತಕವನ್ನು ಶುಚಿಯಾಗಿ ನಕಲು ಮಾಡಿ ಮೂಲವನ್ನು ಬಿಸಾಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬಿಸಾಡಬೇಡಿ. ಮುಂದೆ ಯಾರಾದರೂ ಪ್ರಶ್ನೆ ಎತ್ತಿದರೆ ನಿಮ್ಮ ಪರವಾಗಿ ಮಾತಾಡುವುದು ಮಣ್ಣು ಮೆತ್ತಿದ ಆ ಮೂಲ ಪುಸ್ತಕವೇ.

ತೋಟದ ಯಜಮಾನರ ಒಪ್ಪಿಗೆ ಕೇಳಿಯೇ ನೀರು ಹಿಡಿಯಿರಿ. ಪೇಪರ್‌ನಲ್ಲಿ ಅವರ ಹೆಸರು ಬೇಡ, ಊರ ಹೆಸರು ಮತ್ತು ಸ್ಯಾಂಪಲ್ ಸಂಖ್ಯೆ ಸಾಕು.

2. ಲೆಕ್ಕ ತಾಳೆ ನೋಡುವುದು

ಲ್ಯಾಬ್‌ನಿಂದ ರಿಪೋರ್ಟ್ ಬಂದ ಕೂಡಲೇ ನಕ್ಷೆ ಬಿಡಿಸಲು ಕೂರಬೇಡಿ. ನೀರಿನಲ್ಲಿ ಧನ ಅಯಾನುಗಳ ಒಟ್ಟು ಮೊತ್ತ, ಋಣ ಅಯಾನುಗಳ ಒಟ್ಟು ಮೊತ್ತಕ್ಕೆ ಸಮನಾಗಿರಬೇಕು. ಎರಡನ್ನೂ ವಿದ್ಯುದಾವೇಶದ ಲೆಕ್ಕದ ಅಳತೆಯಾದ ಮಿಲಿ ಈಕ್ವಿವಲೆಂಟ್‌ಗೆ ಪರಿವರ್ತಿಸಿ, ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ, ನೂರರಿಂದ ಗುಣಿಸಿ. ಧನ 9.6, ಋಣ 9.2 ಬಂದಿದ್ದರೆ ವ್ಯತ್ಯಾಸ 0.4, ಮೊತ್ತ 18.8, ತಪ್ಪು ಸುಮಾರು 2.1 ಶೇಕಡ. ಸಾಮಾನ್ಯವಾಗಿ 5 ಶೇಕಡದೊಳಗಿದ್ದರೆ ಒಪ್ಪುತ್ತಾರೆ. ಅದಕ್ಕಿಂತ ಹೆಚ್ಚು ಬಂದ ಸ್ಯಾಂಪಲನ್ನು ಮತ್ತೆ ಪರೀಕ್ಷೆ ಮಾಡಿಸಿ. ಆಗದಿದ್ದರೆ ಕೈಬಿಟ್ಟು, ಎಷ್ಟನ್ನು ಏಕೆ ಕೈಬಿಟ್ಟಿರಿ ಎಂದು ಪೇಪರ್‌ನಲ್ಲಿ ಹೇಳಿ.

ಬೈಕಾರ್ಬೊನೇಟ್ ಅಂಕಿಯನ್ನು ಸ್ವಲ್ಪ ಎಳೆದು ಲೆಕ್ಕ ಸರಿ ಮಾಡುವ ಚಾಳಿ ಇದೆ. ಪಳಗಿದ ರಿವ್ಯೂವರ್ ಅದನ್ನು ಬೇಗ ಹಿಡಿಯುತ್ತಾರೆ: ಎಲ್ಲ ಸ್ಯಾಂಪಲ್‌ನಲ್ಲೂ ತಪ್ಪು ಸೊನ್ನೆಯೇ ಬಂದಿದ್ದರೆ ನಂಬುವುದಾದರೂ ಹೇಗೆ? ಇನ್ನೊಂದು ಗುರುತೂ ಇದೆ. ನಮ್ಮ ಗ್ರಾನೈಟ್ ಮತ್ತು ನೈಸ್ (ಪಟ್ಟೆಪಟ್ಟೆಯ ರೂಪಾಂತರ ಶಿಲೆ, gneiss) ಬಂಡೆಯ ನೀರಿನಲ್ಲಿ ಫ್ಲೋರೈಡ್ ಏರುವುದು ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಿದ್ದಾಗ. ಕ್ಯಾಲ್ಸಿಯಂ ಜಾಸ್ತಿಯಿದ್ದರೆ ಫ್ಲೋರೈಡ್ ಅದರ ಜತೆ ಸೇರಿ ಫ್ಲೋರೈಟ್ ಖನಿಜವಾಗಿ ನೀರಿನಿಂದ ಹೊರಬೀಳುತ್ತದೆ. ಒಂದು ಲೀಟರಿಗೆ 4 ಮಿಲಿಗ್ರಾಂ ಫ್ಲೋರೈಡ್, ಅದೇ ಸಾಲಿನಲ್ಲಿ 200 ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಕೋಷ್ಟಕದಲ್ಲಿದ್ದರೆ ರಿವ್ಯೂವರ್ ಅಲ್ಲೇ ಪೆನ್ನು ನಿಲ್ಲಿಸುತ್ತಾರೆ. ಅಂಥದ್ದು ನಿಜವಾಗಿಯೂ ಬಂದಿದ್ದರೆ ಮತ್ತೆ ಅಳೆದು, ಅದರ ಬಗ್ಗೆ ನೀವೇ ಮುಂದಾಗಿ ಬರೆಯಿರಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಫ್ಲೋರೈಡ್‌ಗೆ ಲೀಟರಿಗೆ 1.0 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ನೀರಿಲ್ಲದಾಗ 1.5. ನಿಮ್ಮ ಅಂಕಿ 1.4 ಇದ್ದದ್ದು 1.6 ಆದರೆ ಒಂದು ಹಳ್ಳಿಯ ನೀರಿನ ಮೇಲಿನ ಮಾತೇ ಬದಲಾಗುತ್ತದೆ.

3. ಯಾರ ಹೆಸರು ಹಾಕುವುದು?

ಜಗಳ ಹುಟ್ಟುವುದೇ ಇಲ್ಲಿ, ಆದ್ದರಿಂದ ಬರೆಯುವ ಮುಂಚೆಯೇ ಮಾತಾಡಿಕೊಳ್ಳಿ. ಬಹಳಷ್ಟು ಜರ್ನಲ್‌ಗಳು ಒಪ್ಪುವ ಅಳತೆ ನಾಲ್ಕು: ಕೆಲಸದ ರೂಪರೇಷೆಯಲ್ಲೋ ಮಾಹಿತಿ ಸಂಗ್ರಹದಲ್ಲೋ ವಿಶ್ಲೇಷಣೆಯಲ್ಲೋ ಗಟ್ಟಿ ಪಾಲಿರಬೇಕು, ಬರೆದಿರಬೇಕು ಅಥವಾ ಗಂಭೀರವಾಗಿ ತಿದ್ದಿರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ನಾಳೆ ಪ್ರಶ್ನೆ ಬಂದರೆ ಉತ್ತರ ಕೊಡುವ ಹೊಣೆ ಹೊರಬೇಕು. ನಾಲ್ಕೂ ಇದ್ದರೆ ಲೇಖಕರು. ವಿಭಾಗದ ಮುಖ್ಯಸ್ಥರು ಎಂಬ ಒಂದೇ ಕಾರಣಕ್ಕೆ ಹೆಸರು ಸೇರಿಸುವುದು ತಪ್ಪು. ಮಾರ್ಗದರ್ಶಕರಾಗಿ ದುಡಿದವರ ಹೆಸರನ್ನು ಬಿಡುವುದೂ ತಪ್ಪು. ಜೀಪ್ ಓಡಿಸಿದವರು, ಊರು ತೋರಿಸಿದ ವಾಟರ್‌ಮನ್, ಲ್ಯಾಬ್ ಸಹಾಯಕರು: ಇವರನ್ನು ಕೃತಜ್ಞತೆಯ ಭಾಗದಲ್ಲಿ ಮರೆಯದೆ ನೆನೆಯಿರಿ.

'ಸರ್ ಹೆಸರು ಹಾಕದಿದ್ದರೆ ಮುಂದೆ ತೊಂದರೆ' ಎಂದು ಹೆದರುವ ವಿದ್ಯಾರ್ಥಿಗಳ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಗುಪ್ತಾ ಪ್ರಕರಣದಲ್ಲಿ ತಲೆ ತಗ್ಗಿಸಬೇಕಾಗಿ ಬಂದದ್ದು ಫೀಲ್ಡ್ ನೋಡದೆ ಹೆಸರು ಕೊಟ್ಟ ಹಿರಿಯರಿಗೂ ಹೌದು. ಹೆಸರು ಕೇಳುವ ದೊಡ್ಡವರು ಇದನ್ನು ಯೋಚಿಸಬೇಕು.

ದುಡ್ಡು ಮತ್ತು ಸಂಬಂಧ ಮುಚ್ಚಿಡಬೇಡಿ. ಕೆ.ಸಿ. ವ್ಯಾಲಿ ನೀರಿನಿಂದ ಅಂತರ್ಜಲ ಏರಿದೆ ಎಂದು ಬರೆಯುವವರು ಅದೇ ಯೋಜನೆಯ ಸಲಹಾ ಕೆಲಸದಲ್ಲಿದ್ದರೆ ಹೇಳಬೇಕು. ಆ ನೀರು ಹಾಳು ಎಂದು ಬರೆಯುವವರು ಅದರ ವಿರುದ್ಧದ ಹೋರಾಟದಲ್ಲಿದ್ದರೆ ಅದನ್ನೂ ಹೇಳಬೇಕು. ಹೇಳಿದರೆ ಪೇಪರ್ ಬಿದ್ದುಹೋಗುವುದಿಲ್ಲ.

4. ಜರ್ನಲ್ ಆರಿಸುವುದು

ನಮ್ಮ ಬಾಗಿಲಲ್ಲೇ ಒಳ್ಳೆಯ ಜರ್ನಲ್‌ಗಳಿವೆ. ಭಾರತೀಯ ಭೂವೈಜ್ಞಾನಿಕ ಸಂಘ ಬೆಂಗಳೂರಿನಲ್ಲಿ 1958ರಲ್ಲಿ ಹುಟ್ಟಿತು. ಅದರ ಜರ್ನಲನ್ನು ಬಿ.ಪಿ. ರಾಧಾಕೃಷ್ಣ ಅವರು ದಶಕಗಳ ಕಾಲ ಸಂಪಾದಿಸಿ ಬೆಳೆಸಿದರು. ಭಾರತೀಯ ವಿಜ್ಞಾನ ಅಕಾಡೆಮಿಯ 'ಜರ್ನಲ್ ಆಫ್ ಅರ್ಥ್ ಸಿಸ್ಟಮ್ ಸೈನ್ಸ್' ಕೂಡ ಬೆಂಗಳೂರಿನದೇ.

ಇನ್ನೊಂದು ಕಡೆ ವಾಟ್ಸ್ಆ್ಯಪ್‌ನಲ್ಲಿ 'ಮೂರು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಉಚಿತ' ಎಂದು ಬರುವ ಸಂದೇಶಗಳು. ಒಬ್ಬ ರಿವ್ಯೂವರ್ ಒಂದು ಪೇಪರನ್ನು ಸರಿಯಾಗಿ ಓದಲು ವಾರಗಳು ಬೇಕು, ಇಡೀ ಕೆಲಸಕ್ಕೆ ತಿಂಗಳುಗಳು. ಸಂಪಾದಕ ಮಂಡಳಿಯ ಹೆಸರುಗಳು ನಿಜವೇ, ಹಿಂದಿನ ಸಂಚಿಕೆಯಲ್ಲಿ ನಿಮ್ಮ ವಿಷಯದ ಪೇಪರ್‌ಗಳಿವೆಯೇ, ಶುಲ್ಕವನ್ನು ಮೊದಲೇ ಸ್ಪಷ್ಟವಾಗಿ ಹಾಕಿದ್ದಾರೆಯೇ, ಪ್ರಕಟಣಾ ನೀತಿಯ ಅಂತರರಾಷ್ಟ್ರೀಯ ಸಮಿತಿಯಾದ ಕೋಪ್‌ನ ಸದಸ್ಯತ್ವ ಇದೆಯೇ ನೋಡಿ. ಯುಜಿಸಿ ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿ 2025ರಲ್ಲಿ ನಿಂತುಹೋಗಿದೆ, ಆರಿಸುವ ಹೊಣೆ ಈಗ ವಿಶ್ವವಿದ್ಯಾಲಯದ್ದು, ನಿಮ್ಮದು. ಪಿಎಚ್.ಡಿ. ಪ್ರಬಂಧ ಸಲ್ಲಿಸಲು ಪೇಪರ್ ಕಡ್ಡಾಯ ಎಂಬ ನಿಯಮವನ್ನು ಯುಜಿಸಿ 2022ರಲ್ಲೇ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಕೇಳಿ ತಿಳಿದುಕೊಳ್ಳಿ, ಸುಮ್ಮನೆ ಹೆದರಿ ಯಾರಿಗೋ ದುಡ್ಡು ಕಟ್ಟಬೇಡಿ.

ದೊಡ್ಡ ಪ್ರಕಾಶಕರ ಹೆಸರಿದ್ದರೆ ಸಾಕು ಎಂದೂ ಅಲ್ಲ. ಸ್ಪ್ರಿಂಗರ್ ಪ್ರಕಟಿಸುತ್ತಿದ್ದ 'ಅರೇಬಿಯನ್ ಜರ್ನಲ್ ಆಫ್ ಜಿಯೋಸೈನ್ಸಸ್'ನಲ್ಲಿ 2021ರಲ್ಲಿ ಒಂದೇ ಸಲಕ್ಕೆ 400ಕ್ಕೂ ಹೆಚ್ಚು ಪೇಪರ್‌ಗಳ ಮೇಲೆ ಸಂಶಯ ಸೂಚನೆ ಹಾಕಬೇಕಾಯಿತು. ವಿಶೇಷ ಸಂಚಿಕೆಗಳ ಹೆಸರಿನಲ್ಲಿ, ಸಮುದ್ರ ಮಟ್ಟಕ್ಕೂ ಏರೋಬಿಕ್ಸ್ ಪಾಠಕ್ಕೂ ಗಂಟು ಹಾಕಿದಂಥ ಪೇಪರ್‌ಗಳು ಅಲ್ಲಿ ನುಸುಳಿದ್ದವು.

5. ಕಳಿಸುವಾಗ

ಒಂದು ಪೇಪರ್, ಒಂದು ಸಲಕ್ಕೆ, ಒಂದೇ ಜರ್ನಲ್. ಉತ್ತರ ತಡವಾದರೆ ಸಂಪಾದಕರಿಗೆ ಪತ್ರ ಬರೆದು ಕೇಳಿ. ಬೇರೆಡೆ ಕಳಿಸಬೇಕೆನಿಸಿದರೆ ಮೊದಲು ಲಿಖಿತವಾಗಿ ವಾಪಸ್ ಪಡೆಯಿರಿ.

ಅದೇ ಬೋರ್‌ವೆಲ್‌ಗಳ ಒಂದೇ ಸಲದ ನೀರನ್ನು ಫ್ಲೋರೈಡ್‌ಗೊಂದು, ನೈಟ್ರೇಟ್‌ಗೊಂದು, ನೀರಾವರಿಗೊಂದು ಎಂದು ತುಂಡು ಮಾಡಿ ಮೂರು ಪೇಪರ್ ಮಾಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಓದುವವನಿಗೆ ಆ ನೀರಿನ ಪೂರ್ತಿ ಚಿತ್ರ ಎಲ್ಲೂ ಸಿಗುವುದಿಲ್ಲ. ಒಂದೇ ಗಟ್ಟಿ ಪೇಪರ್ ಬರೆಯಿರಿ.

ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮ ಸ್ಪಷ್ಟವಾಗಿದೆ: ಹೋಲಿಕೆ 10 ಶೇಕಡದವರೆಗೆ ಶಿಕ್ಷೆಯಿಲ್ಲ, 10ರಿಂದ 40, 40ರಿಂದ 60, 60ಕ್ಕಿಂತ ಹೆಚ್ಚು ಎಂದು ಮೇಲೇರಿದಂತೆ ಶಿಕ್ಷೆಯೂ ಏರುತ್ತದೆ, ಪಿಎಚ್.ಡಿ. ನೋಂದಣಿಯೇ ರದ್ದಾಗುವವರೆಗೆ. 10ರೊಳಗಿದ್ದರೆ ಕದ್ದಿಲ್ಲ ಎಂದೇನಲ್ಲ. ತಾಲ್ಲೂಕಿನ ಭೂರಚನೆಯ ವಿವರಣೆಯನ್ನು ಹಳೆಯ ಪ್ರಬಂಧದಿಂದ ಎತ್ತಿ ಎರಡು ಪದ ಬದಲಿಸುವವರಿಗೆ ಇದು ತಿಳಿದಿರಲಿ. ನಕ್ಷೆಯನ್ನು ಬೇರೆಯವರಿಂದ ತೆಗೆದುಕೊಂಡಿದ್ದರೆ ಅನುಮತಿ ಪಡೆದು ಮೂಲ ಹೇಳಿ. ಎಐ ಬಳಸಿ ಭಾಷೆ ತಿದ್ದಿಸಿದ್ದರೆ ಜರ್ನಲ್‌ನ ನಿಯಮ ನೋಡಿ ತಿಳಿಸಿ. ಎಐ ಲೇಖಕ ಆಗಲಾರದು, ಏಕೆಂದರೆ ಅದು ಹೊಣೆ ಹೊರಲಾರದು.

ರಿವ್ಯೂವರ್‌ಗಳ ಹೆಸರು ಸೂಚಿಸಿ ಎಂದು ಕೇಳಿದರೆ ಸ್ನೇಹಿತರನ್ನೋ ಹಳೆಯ ಗೈಡನ್ನೋ ಕೊಡಬೇಡಿ. ಅವರ ಸಂಸ್ಥೆಯ ಇಮೇಲ್ ವಿಳಾಸವನ್ನೇ ಕೊಡಿ.

6. ರಿವ್ಯೂ ವಾಪಸ್ ಬಂದಾಗ

ಮೊದಲ ಸಲ ಮೂರು ಪುಟದ ಆಕ್ಷೇಪ ನೋಡಿದರೆ ಎದೆ ಧಸಕ್ಕೆನ್ನುತ್ತದೆ. 'ದೊಡ್ಡ ತಿದ್ದುಪಡಿ' ಎಂದು ಬಂದಿದ್ದರೆ ಅದು ಬಾಗಿಲು ಮುಚ್ಚಿದ್ದಲ್ಲ, ತೆರೆದೇ ಇದೆ. ಅಂದೇ ಉತ್ತರ ಬರೆಯಬೇಡಿ. ಒಂದೆರಡು ದಿನ ಬಿಟ್ಟು, ಅವರ ಒಂದೊಂದು ಮಾತನ್ನೂ ಹಾಗೆಯೇ ಎತ್ತಿ ಬರೆದು, ಅದರ ಕೆಳಗೆ ನಿಮ್ಮ ಉತ್ತರ, ಯಾವ ಸಾಲಿನಲ್ಲಿ ಏನು ತಿದ್ದಿದಿರಿ ಎಂಬುದು. ಒಪ್ಪದ ಮಾತಿದ್ದರೆ ಸೌಜನ್ಯದಿಂದ, ಅಂಕಿ ಸಮೇತ ಒಪ್ಪುವುದಿಲ್ಲ ಎನ್ನಿ. 'ಮಳೆಗಾಲದ ನಂತರದ ಸ್ಯಾಂಪಲ್ ಏಕಿಲ್ಲ?' ಎಂದು ಕೇಳಿದರೆ, ತೆಗೆದಿಲ್ಲ ಎಂದೇ ಬರೆದು ಶೀರ್ಷಿಕೆಯನ್ನು ಬೇಸಿಗೆಗೆ ಸೀಮಿತಗೊಳಿಸಿ. ಇಲ್ಲದ ಸ್ಯಾಂಪಲ್ ಹುಟ್ಟುವ ಅಪಾಯ ಇರುವುದು ಇಂಥ ಪ್ರಶ್ನೆಯ ಎದುರಲ್ಲೇ.

ಸಂಬಂಧವಿಲ್ಲದ ತಮ್ಮದೇ ಪೇಪರ್‌ಗಳನ್ನು ಉಲ್ಲೇಖಿಸಿ ಎಂದು ರಿವ್ಯೂವರ್ ಒತ್ತಾಯಿಸಿದರೆ, ಆ ವಿಷಯವನ್ನು ಸಂಪಾದಕರಿಗೆ ತಿಳಿಸಿ. ಅದು ನಿಮ್ಮ ಹಕ್ಕು.

ನಾಳೆ ನೀವೇ ರಿವ್ಯೂವರ್ ಆದರೆ, ಕೈಗೆ ಬಂದ ಪೇಪರ್ ಗುಟ್ಟಿನದು. ಅದನ್ನು ವಿದ್ಯಾರ್ಥಿಗೆ ಕೊಟ್ಟು ಓದಿಸುವುದು, ಎಐಗೆ ಹಾಕುವುದು, ಅದರ ಅಂಕಿ ಬಳಸುವುದು ಎಲ್ಲವೂ ನಿಷಿದ್ಧ. ಅದೇ ತಾಲ್ಲೂಕಿನ ಮೇಲೆ ನೀವೂ ಪೇಪರ್ ಬರೆಯುತ್ತಿದ್ದರೆ ಸಂಪಾದಕರಿಗೆ ಹೇಳಿ ಹಿಂದೆ ಸರಿಯಿರಿ.

7. ಊರಿಗೆ ಹೇಳುವುದು

'ಪೇಪರ್ ಬರುವ ಮುಂಚೆ ಫಲಿತಾಂಶ ಹೊರಗೆ ಹೇಳಿದರೆ ಜರ್ನಲ್ ತೆಗೆದುಕೊಳ್ಳುವುದಿಲ್ಲ' ಎಂಬ ಭಯ ವಿದ್ಯಾರ್ಥಿಗಳಲ್ಲಿ ಬಹಳ ಇದೆ. ಬೋರ್‌ವೆಲ್ ಯಜಮಾನರಿಗೂ ಗ್ರಾಮ ಪಂಚಾಯಿತಿಗೂ ಅವರ ನೀರಿನ ಫಲಿತಾಂಶ ಕೊಡುವುದನ್ನು ಪ್ರಕಟಣೆ ಎಂದು ಎಣಿಸುವುದಿಲ್ಲ. ಪಿಎಚ್.ಡಿ. ಪ್ರಬಂಧಕ್ಕೂ ವಿಚಾರ ಸಂಕಿರಣದ ಸಾರಾಂಶಕ್ಕೂ ಸಾಮಾನ್ಯವಾಗಿ ಇದೇ ಮಾತು. ಜರ್ನಲ್‌ನ ತೀರ್ಮಾನಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅಲ್ಲಿಯವರೆಗೆ ಮಕ್ಕಳು ಆ ನೀರು ಕುಡಿಯುತ್ತಿರುತ್ತಾರೆ. ಲೆಕ್ಕ ತಾಳೆಯಾದ ಕೂಡಲೇ ಕನ್ನಡದಲ್ಲಿ ಒಂದು ಪುಟ ಬರೆದು ಕೊಡಿ: ಬೋರ್‌ವೆಲ್ ಗುರುತು, ನೀರು ಹಿಡಿದ ತಾರೀಕು, ಫ್ಲೋರೈಡ್ ಎಷ್ಟು, ಮಿತಿ ಎಷ್ಟು, ಪರೀಕ್ಷೆ ಮಾಡಿದ ಲ್ಯಾಬ್. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ಸೇರಿಸಿ, ಹಳ್ಳಿಗಳಲ್ಲಿ ಹಲವರು ಹೋಗುತ್ತದೆ ಎಂದೇ ನಂಬಿದ್ದಾರೆ. ಒಂದು ಪ್ರತಿ ಪಿಡಿಒ ಅವರಿಗೆ, ಒಂದು ಶಾಲೆಯ ಮುಖ್ಯ ಶಿಕ್ಷಕರಿಗೆ. ಸ್ವೀಕೃತಿ ಸಹಿ ಪಡೆದ ಮೂರನೆಯದನ್ನು ಫೀಲ್ಡ್ ಬುಕ್‌ಗೆ ಅಂಟಿಸಿಡಿ.