ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುವಾಗ ಪೆಟ್ಟಾದರೆ

ಅವತ್ತೇ ಓನರ್‌ಗೆ ಹೇಳಿ. ಬಾಯಲ್ಲಿ ಅಲ್ಲ, ಒಂದು ಮೆಸೇಜ್ ಆದರೂ ಸರಿ, ಬರೆದು ಹೇಳಿ. ಕಾನೂನು 30 ದಿನ ಕೊಡುತ್ತದೆ. ಆದರೆ ಕೆಲಸದಲ್ಲಾದ ಪೆಟ್ಟಿಗೆ ಚಿಕಿತ್ಸೆ, ಪರಿಹಾರ ಕೊಡುವುದು ಓನರ್ ಮಾಡಿಸಿದ 'ವರ್ಕರ್ಸ್ ಕಾಂಪೆನ್ಸೇಷನ್' ವಿಮೆ; ತಡವಾದಷ್ಟೂ ಆ ವಿಮೆ ಕಂಪನಿಯವರಿಗೆ ಅನುಮಾನ ಜಾಸ್ತಿ.

ನಮ್ಮವರು ಎಡವುವುದು ಇಲ್ಲೇ. ಹೋಟೆಲ್ ಓನರ್ ನಮ್ಮ ಕಡೆಯವರು, ಬಂದ ಹೊಸದರಲ್ಲಿ ಮನೆಯಲ್ಲಿ ಇಟ್ಟುಕೊಂಡು ಅನ್ನ ಹಾಕಿದವರು. ಅವರ ಮೇಲೆ ಕ್ಲೇಮ್ ಹಾಕೋದಾ ಅಂತ ಸಂಕೋಚ. ಬಾಣಲೆಯ ಎಣ್ಣೆ ಮೊಣಕೈವರೆಗೆ ಸಿಡಿದಿರುತ್ತದೆ, ಡಾಕ್ಟರ್ ಕೇಳಿದರೆ 'ಮನೆಯಲ್ಲಿ ಪೂರಿ ಕರಿಯುವಾಗ ಆಯ್ತು' ಎನ್ನುತ್ತಾರೆ. ಆ ಸಾಲು ಫೈಲಿನಲ್ಲಿ ಕೂತರೆ ಮುಗಿಯಿತು, ಆಮೇಲೆ ಏನು ಹೇಳಿದರೂ ಕಥೆ ಕಟ್ಟಿದಂತೆ ಕಾಣುತ್ತದೆ.

ಸ್ವಾಮಿ, ಇದು ಓನರ್ ಮೇಲಿನ ದೂರಲ್ಲ. ತಪ್ಪು ಯಾರದು ಅಂತ ಯಾರೂ ಕೇಳುವುದಿಲ್ಲ. ಒಬ್ಬನೇ ಕೆಲಸಗಾರ ಇದ್ದರೂ ಅವರು ವಿಮೆ ಮಾಡಿಸಲೇಬೇಕು. ಊರಲ್ಲಿ ಇಎಸ್‌ಐಗೆ ನಮ್ಮ ಸಂಬಳದಿಂದಲೂ ಕಟ್ ಆಗುತ್ತಿತ್ತಲ್ವಾ? ಇಲ್ಲಿ ಒಂದು ಸೆಂಟ್ ಕೂಡ ಹಿಡಿಯುವಂತಿಲ್ಲ. ವೀಸಾ ಸರಿಯಿಲ್ಲದವರಿಗೂ ಚಿಕಿತ್ಸೆಯ ಹಕ್ಕು ಇದೆ.

ಕ್ಲೇಮ್ ಹಾಕುವ ಡಿಡಬ್ಲ್ಯೂಸಿ-1 ಫಾರಂ ತುಂಬಿ ಓನರ್‌ಗೆ ಕೊಡಿ, ಕಾಪಿ ಇಟ್ಟುಕೊಳ್ಳಿ. ಕ್ಲೇಮ್ ಒಪ್ಪುತ್ತಾರೋ ಇಲ್ಲವೋ ತೀರ್ಮಾನ ಆಗುವವರೆಗೂ 10,000 ಡಾಲರ್‌ವರೆಗಿನ ಚಿಕಿತ್ಸೆಯ ಖರ್ಚು ವಿಮೆಯವರದೇ.

ಸೆಟಲ್‌ಮೆಂಟ್ ಹೊತ್ತಿಗೆ ಮಾತ್ರ ನಿಧಾನಿಸಿ. ಅದರಲ್ಲಿ ಎರಡು ಬಗೆ. ಸ್ಟಿಪ್ಯುಲೇಷನ್ ಆದರೆ ದುಡ್ಡು ಕಂತಿನಲ್ಲಿ ಬರುತ್ತದೆ, ಆ ಗಾಯಕ್ಕೆ ಮುಂದೆ ಬೇಕಾಗುವ ಚಿಕಿತ್ಸೆಯನ್ನೂ ಅವರೇ ನೋಡಿಕೊಳ್ಳಬೇಕು. ಕಾಂಪ್ರಮೈಸ್ ಅಂಡ್ ರಿಲೀಸ್ ಆದರೆ ಇಡಿಗಂಟು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಇಡಿಗಂಟು ಅಂದ ಕೂಡಲೇ ನಮಗೆ ಊರಲ್ಲಿ ಒಂದು ಸೈಟ್ ಕಾಣಿಸುತ್ತದೆ! ಮುಂದೊಂದು ದಿನ ಬೆನ್ನಿಗೆ ಆಪರೇಷನ್ ಬೇಕಾದಾಗ ಆ ಸೈಟನ್ನೇ ಮಾರಬೇಕಾದೀತು. ಜಡ್ಜ್ ಒಪ್ಪಿಗೆ ಬೇಕು, ನಿಜ. ಆದರೆ ಅವರು ನೋಡುವುದು ಕಾಗದ. ರಾತ್ರಿ ಮಗ್ಗುಲು ಬದಲಿಸಲು ಆಗದಿರುವುದು ನಿಮಗೇ ಗೊತ್ತು. ಸಹಿಗೆ ಮೊದಲು ಸರ್ಕಾರದ ಇನ್ಫರ್ಮೇಷನ್ ಅಂಡ್ ಅಸಿಸ್ಟೆನ್ಸ್ ಅಧಿಕಾರಿಯನ್ನು ಕೇಳಿ, ಫೀಸಿಲ್ಲ.

ಇನ್ನೊಂದು, ಮಕ್ಕಳನ್ನು ದುಭಾಷಿ ಮಾಡಬೇಡಿ. ಅಪ್ಪ ಇನ್ನು ಭಾರ ಎತ್ತುವಂತಿಲ್ಲ ಅಂತ ಅಪ್ಪನಿಗೇ ಓದಿ ಹೇಳುವ ಕೆಲಸ ಹೈಸ್ಕೂಲ್ ಹುಡುಗಿಗೆ ಯಾಕೆ? ಊರಲ್ಲಾದರೆ ದೊಡ್ಡಪ್ಪನೋ ಪಕ್ಕದ ಮನೆ ಮೇಷ್ಟ್ರೋ ಜೊತೆಗೆ ಬರುತ್ತಿದ್ದರು, ಇಲ್ಲಿ ಆ ಜಾಗಕ್ಕೆ ಮಕ್ಕಳೇ ಸಿಗುವುದು. ಇಂಟರ್‌ಪ್ರಿಟರ್ ಬೇಕು ಅಂತ ಕೇಳಿ.

ಟೆಕ್ಸಾಸ್‌ಗೆ ಹೋಗುವವರು ಇದನ್ನೇ ನಂಬಿ ಕೂರಬೇಡಿ. ಅಲ್ಲಿ ಖಾಸಗಿ ಕಂಪನಿಗಳು ಈ ವಿಮೆ ಮಾಡಿಸಲೇಬೇಕು ಅಂತಿಲ್ಲ. ಕೆಲಸಕ್ಕೆ ಸೇರುವಾಗಲೇ ಕೇಳಿಕೊಳ್ಳಿ.