ಟ್ರಾನ್ಸ್‌ಫಾರ್ಮರ್ ಮೂಲೆ: ಫ್ರೇಜರ್ ಟೌನ್‌ನಲ್ಲಿ ಒಂದು ಕಸದ ಗುಡ್ಡೆ ತೆಗೆದ ನನ್ನ ಅನುಭವ

ನಮ್ಮ ರಸ್ತೆಯ ಮೂಲೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇದೆ. ಅದರಾಚೆಯ ಕಾಂಪೌಂಡ್ ಗೋಡೆಯ ಬುಡದಲ್ಲಿ ಎಂಟು ವರ್ಷ ಕಸ ಬೀಳುತ್ತಿತ್ತು. ಬೆಳಿಗ್ಗೆ ಪೌರಕಾರ್ಮಿಕರು ಬಂದು ಎತ್ತಿ, ಗುಡಿಸಿ, ಸುಣ್ಣದ ಪುಡಿ ಹಾಕಿ ಹೋಗುತ್ತಿದ್ದರು. ಒಂಬತ್ತು ಗಂಟೆಗೆ ಮತ್ತೆ ನಾಲ್ಕು ಚೀಲ. ರಾತ್ರಿ ಮಲಗುವ ಹೊತ್ತಿಗೆ ಗುಡ್ಡೆ. ನಾಯಿಗಳು ಚೀಲ ಹರಿದು ನಡುರಸ್ತೆಗೆ ಎಳೆದು ತರುತ್ತಿದ್ದವು. ಸ್ಕೂಲಿಗೆ ಹೋಗುವ ಮಕ್ಕಳು ಅಲ್ಲಿಗೆ ಬಂದ ಕೂಡಲೇ ಮೂಗು ಮುಚ್ಚಿಕೊಂಡು ರಸ್ತೆ ದಾಟುತ್ತಿದ್ದರು. ನನ್ನ ಮಗಳೂ ಹಾಗೆ ದಾಟಿಯೇ ದೊಡ್ಡವಳಾದಳು.

ನನ್ನ ಊರು ಅರಸೀಕೆರೆ ಕಡೆ. ಮದುವೆಯಾಗಿ ಇಲ್ಲಿಗೆ ಬಂದು 22 ವರ್ಷ ಆಯಿತು. ಈ ಬಡಾವಣೆಯ ಈಗಿನ ಹೆಸರು ಪುಲಕೇಶಿನಗರ. ಆದರೆ ಆಟೋದವರಿಗೆ ಇವತ್ತಿಗೂ ಫ್ರೇಜರ್ ಟೌನ್ ಅಂತಲೇ ಹೇಳಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತಲ್ಲ, ಅದಾದ ಮೇಲೆ ಜನರಿಗೆ ಗಾಳಿ ಬೆಳಕು ಸಿಗಲಿ ಅಂತ ಕಂಟೋನ್ಮೆಂಟ್ ಕಡೆ ಕಟ್ಟಿದ ಜಾಗ ಇದು. ಕೊಳಕಿಗೆ ಹೆದರಿ ಕಟ್ಟಿದ ಬಡಾವಣೆಯಲ್ಲೇ ಇಂಥ ಮೂಲೆ ಇದೆ ಅಂತ ನೆನೆದಾಗಲೆಲ್ಲ ನನಗೆ ಸಂಕಟ ಆಗುತ್ತಿತ್ತು.

ನಮ್ಮ ಒಂದೇ ರಸ್ತೆಯಲ್ಲಿ ತಮಿಳು ಮಾತಾಡುವ ಕ್ರಿಶ್ಚಿಯನ್ ಮನೆಗಳಿವೆ. ದಖನಿ ಉರ್ದು ಮಾತಾಡುವ ಮುಸ್ಲಿಂ ಮನೆಗಳಿವೆ. ಮಲಯಾಳಿಗಳ ಬೇಕರಿ, ತೆಲುಗಿನವರ ತರಕಾರಿ ಅಂಗಡಿ, ಮಣಿಪುರ ಅಸ್ಸಾಂ ಕಡೆಯ ಹುಡುಗ ಹುಡುಗಿಯರು ಇರುವ ಎರಡು ಪಿಜಿ, ಹೊಸ ಕಟ್ಟಡದ ಕೆಲಸಕ್ಕೆ ಬಂದ ಬಿಹಾರದವರ ಶೆಡ್ಡು, ಮಧ್ಯೆ ನಮ್ಮಂಥ ಏಳೆಂಟು ಕನ್ನಡದ ಮನೆ. ಎಲ್ಲರೂ ಆ ಮೂಲೆಯನ್ನು ಬೈಯುತ್ತಿದ್ದರು. ಎಲ್ಲರಿಗೂ ಅದು ಇನ್ನೊಬ್ಬರು ಹಾಕಿದ ಕಸ. ನಾವು 'ಅವರು' ಅಂದರೆ ಅವರು 'ಇವರು' ಅನ್ನುತ್ತಿದ್ದರು, ಅಷ್ಟೇ.

ಮೊದಲ ಸಲ ನಾವು ಕೈ ಹಾಕಿದ್ದು ಒಂದು ಭಾನುವಾರ. ಹತ್ತು ಜನ ಸೇರಿ ಜಾಗ ತೊಳೆದು, ಗೋಡೆಗೆ ಬಣ್ಣ ಹೊಡೆದು, ಆರು ಹೂವಿನ ಕುಂಡ ಇಟ್ಟೆವು. ಫೋಟೋ ತೆಗೆದುಕೊಂಡು ಎಲ್ಲರಿಗೂ ಕಳಿಸಿದೆವು. ಬುಧವಾರ ಕುಂಡಗಳಲ್ಲಿ ಎರಡು ಮಾಯ. ಗುರುವಾರ ಉಳಿದ ಕುಂಡಗಳ ನಡುವೆ ಕಸದ ಚೀಲಗಳು. ಒಂದು ಚೀಲವನ್ನಂತೂ ಯಾರೋ ಅಂದವಾಗಿ ಕುಂಡದ ಮೇಲೆಯೇ ಇಟ್ಟಿದ್ದರು. ಅವತ್ತು ರಾತ್ರಿ ನನಗೆ ಸಿಟ್ಟಿಗಿಂತ ದುಃಖ ಜಾಸ್ತಿ ಆಯಿತು.

ಬೆಂಗಳೂರಲ್ಲಿ 'ದಿ ಅಗ್ಲಿ ಇಂಡಿಯನ್' ಅಂತ ಒಂದು ಗುಂಪಿದೆ. ಹೆಸರು ಹೇಳಿಕೊಳ್ಳದೆ 2010ರಿಂದ ಇಂಥ ಮೂಲೆಗಳನ್ನು ಸರಿ ಮಾಡುತ್ತಾ ಬಂದವರು. ಸರಿ ಮಾಡುವ ಮೊದಲು ಆ ಜಾಗವನ್ನು ಸುಮ್ನೆ ನಿಂತು ನೋಡಬೇಕು ಅನ್ನುವುದನ್ನು ನಾನು ಕಲಿತದ್ದು ಅವರ ಕೆಲಸದಿಂದ. 'ಕಾಮ್ ಚಾಲೂ, ಮೂ ಬಂದ್' ಅನ್ನುವುದು ಅವರ ಮಾತು. ಕೆಲಸ ನಡೆಯಲಿ, ಬಾಯಿ ಮುಚ್ಚಿರಲಿ ಅಂತ. ಅವರ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ನಮ್ಮ ಮೂಲೆಯಲ್ಲಿ ಬಾಯಿ ತೆರೆಯಲೇಬೇಕಾಯಿತು. ಅದೂ ಐದಾರು ಭಾಷೆಯಲ್ಲಿ.

ನಾಲ್ಕು ಜನ ಪಾಳಿ ಹಾಕಿಕೊಂಡೆವು. ಬೆಳಗಿನ ಜಾವ ಐದರಿಂದ ಏಳು ನನ್ನದು. ಏಳರಿಂದ ಹತ್ತು ಬೇಕರಿಯ ಚೇಟ್ಟನದು, ಹೇಗೂ ಅವರ ಅಂಗಡಿ ಎದುರಿಗೇ ಇದೆ. ಸಂಜೆ ಆರರಿಂದ ಒಂಬತ್ತು ಎದುರು ಮನೆಯ ಆಂಟಿ. ಅವರಿಗೆ ಎಪ್ಪತ್ತು ದಾಟಿದೆ, ಟೀಚರ್ ಆಗಿದ್ದವರು. ಒಂಬತ್ತರಿಂದ ಹನ್ನೊಂದೂವರೆ ಆಟೋ ಸ್ಟ್ಯಾಂಡಿನ ಒಬ್ಬ ಭಾಯಿ. ಫೋಟೋ ತೆಗೆಯಬಾರದು, ಹೆಸರು ಬರೆಯಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಕಸ ಹಾಕುವವರ ಫೋಟೋ ಗೋಡೆಗೆ ಅಂಟಿಸಿ ಮಾನ ಕಳೆಯುವುದು ಕೆಲವು ಕಡೆ ಇದೆ. ನನಗೆ ಅದು ಒಪ್ಪಿಗೆ ಇಲ್ಲ. ನಾಚಿಕೆಪಟ್ಟವರು ಮುಂದಿನ ಮೂಲೆಗೆ ಹೋಗಿ ಹಾಕುತ್ತಾರೆ, ಅಲ್ವಾ? ನಾವು ಬರೆದದ್ದು ಎರಡೇ. ಎಷ್ಟು ಗಂಟೆಗೆ, ಚೀಲದಲ್ಲಿ ಏನು.

ಆರು ದಿನದ ಲೆಕ್ಕ ನೋಡಿದಾಗ ನನ್ನ ತಲೆಯಲ್ಲಿದ್ದದ್ದೆಲ್ಲ ತಪ್ಪು ಅಂತ ಗೊತ್ತಾಯಿತು. ಕಸದ ಗಾಡಿ ನಮ್ಮ ರಸ್ತೆಗೆ ಬರುವುದು ಏಳೂವರೆಯಿಂದ ಎಂಟರ ಒಳಗೆ. ಆ ಅರ್ಧ ಗಂಟೆ ಮನೆಯಲ್ಲಿ ಇರುವವರು ಯಾರೂ ಮೂಲೆಗೆ ಹಾಕುತ್ತಿರಲಿಲ್ಲ. ಯಾವ ಭಾಷೆಯವರೇ ಆಗಲಿ, ಯಾವ ಜಾತಿ ಧರ್ಮದವರೇ ಆಗಲಿ. ಹಾಕುತ್ತಿದ್ದವರು ಗಾಡಿ ಬರುವ ಮೊದಲೇ ಕೆಲಸಕ್ಕೆ ಹೊರಡುವವರು, ರಾತ್ರಿ ಡ್ಯೂಟಿ ಮುಗಿಸಿ ಬಂದು ಆ ಹೊತ್ತಿನಲ್ಲಿ ನಿದ್ದೆಯಲ್ಲಿ ಇರುವವರು. ಇನ್ನೂ ಕೆಲವರು ಪಕ್ಕದ ರಸ್ತೆಗಳಿಂದ ಸ್ಕೂಟರಿನಲ್ಲಿ ಬಂದು, ಗಾಡಿ ನಿಲ್ಲಿಸದೆಯೇ ಚೀಲ ಎಸೆದು ಹೋಗುತ್ತಿದ್ದರು. ಎಳನೀರಿನ ಬುರುಡೆಯ ರಾಶಿ ಬೇರೆ.

ನಾಲ್ಕನೆಯ ದಿನದ ಬೆಳಗ್ಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಐದೂ ಇಪ್ಪತ್ತು ಇರಬೇಕು. ಮಸೀದಿಯ ಬಾಂಗ್ ಆಗಿ ಸ್ವಲ್ಪ ಹೊತ್ತಾಗಿತ್ತು. ಒಬ್ಬ ಹೆಣ್ಣುಮಗಳು ಒಂದು ಕೈಯಲ್ಲಿ ಟಿಫನ್ ಬ್ಯಾಗು, ಇನ್ನೊಂದರಲ್ಲಿ ಗಂಟು ಹಾಕಿದ ಕಪ್ಪು ಚೀಲ ಹಿಡಿದು ಬಂದಳು. ನನ್ನನ್ನು ಕಂಡು ನಿಂತಳು. ಚೀಲವನ್ನು ದುಪಟ್ಟಾದ ಹಿಂದೆ ಸರಿಸಿಕೊಂಡಳು. ಬೈಗುಳ ಬರುತ್ತದೆ ಅಂತ ಕಾಯುತ್ತಿದ್ದಳು ಅಂತ ಕಾಣುತ್ತದೆ. ನಾನು ಕೈ ಚಾಚಿ, "ಇಲ್ಲಿ ಕೊಡಮ್ಮ, ಗಾಡಿ ಬಂದಾಗ ನಾನು ಹಾಕ್ತೀನಿ" ಅಂದೆ. ಅವಳು ಕೊಡಲಿಲ್ಲ. "ಆಪ್ ಕೈಕು ಆಪಾ?" ಅಂದಳು. ನೀವ್ಯಾಕೆ ಅಕ್ಕ ಅಂತ. ಆಮೇಲೆ ಕನ್ನಡದಲ್ಲೇ ಹೇಳಿದಳು: "ಆಸ್ಪತ್ರೆಯಲ್ಲಿ ಕ್ಲೀನಿಂಗ್ ಕೆಲಸ ಅಕ್ಕ, ಆರು ಗಂಟೆಗೆ ಡ್ಯೂಟಿ. ಮನೆ ಒಂದೇ ರೂಮು. ಹಸಿ ಕಸ ಎರಡು ದಿನ ಇಟ್ಟರೆ ಮಗೂಗೆ ಸೊಳ್ಳೆ ಕಚ್ತವೆ. ಎಲ್ಲಿ ಇಡಲಿ?" ದಿನವಿಡೀ ಇನ್ನೊಬ್ಬರ ಆಸ್ಪತ್ರೆ ಗುಡಿಸಿ ಒರೆಸುವವಳು ಅವಳು. ಅವಳಿಗೆ ನಾನು ಸ್ವಚ್ಛತೆಯ ಪಾಠ ಹೇಳಲು ಹೋಗಿದ್ದೆ.

ಅವತ್ತೇ ನಮ್ಮ ಕೆಲಸ ಏನು ಅಂತ ಸ್ಪಷ್ಟವಾಯಿತು. ಗಾಡಿಯ ಹೊತ್ತು ಬದಲಿಸುವುದು ನಮ್ಮ ಕೈಯಲ್ಲಿ ಇಲ್ಲ. ಬೇರೆ ಹೊತ್ತಿನಲ್ಲಿ ಕಸ ಕೊಡಲು ಒಂದು ಜಾಗ ಮಾಡುವುದು ನಮ್ಮ ಕೈಯಲ್ಲಿದೆ.

ಜಾಗ ಕೊಟ್ಟವರು ಟೀಚರ್ ಆಂಟಿ. ಅವರ ಗೇಟಿನ ಒಳಗೆ, ಹಿಂದೆ ಕಾರು ನಿಲ್ಲಿಸುತ್ತಿದ್ದ ಶೆಡ್ಡು ಖಾಲಿ ಇತ್ತು. ಗುಜರಿ ಅಂಗಡಿಯಿಂದ ಮುಚ್ಚಳ ಇರುವ ನೀಲಿ ಪ್ಲಾಸ್ಟಿಕ್ ಡ್ರಮ್ಮು ಎರಡು ತಂದೆವು. ಒಂದಕ್ಕೆ ಹಸಿರು ಬಣ್ಣ, ಇನ್ನೊಂದಕ್ಕೆ ಕೆಂಪು. ಒಣ ಕಸಕ್ಕೆ ಗೋಣಿಚೀಲ. 2015ರ ಕೊನೆಯಲ್ಲಿ ಹೈಕೋರ್ಟ್ ಆದೇಶ ಕೊಟ್ಟ ಮೇಲೆ ಬೆಂಗಳೂರಿಗೆಲ್ಲ ಬಂದ 'ಎರಡು ಬುಟ್ಟಿ, ಒಂದು ಚೀಲ' ಪದ್ಧತಿಯೇ ಅದು. ಹಸಿರಿಗೆ ಅಡುಗೆಮನೆ ಕಸ, ಕೆಂಪಿಗೆ ಪ್ಯಾಡು, ಡೈಪರ್, ಬ್ಯಾಂಡೇಜಿನಂಥವು, ಚೀಲಕ್ಕೆ ಕಾಗದ, ಪ್ಲಾಸ್ಟಿಕ್ಕು, ಬಾಟಲಿ. ರಾತ್ರಿ ಎಂಟರಿಂದ ಹತ್ತು, ಬೆಳಿಗ್ಗೆ ಐದರಿಂದ ಆರೂವರೆ ಗೇಟು ತೆಗೆದಿರುತ್ತದೆ ಅಂತ ಮನೆಮನೆಗೆ ಹೋಗಿ ಹೇಳಿದೆವು.

ಹೇಳುವುದೇ ದೊಡ್ಡ ಕೆಲಸ. ಕನ್ನಡ, ಇಂಗ್ಲಿಷಿನ ಚೀಟಿ ಮಾಡಿ ಬಾಗಿಲ ಸಂದಿಗೆ ತೂರಿಸಿದರೆ ಯಾರೂ ಓದುವುದಿಲ್ಲ. ಆಯಾ ಭಾಷೆಯವರೇ ಬಾಗಿಲು ತಟ್ಟಬೇಕು. ದಖನಿ ಮನೆಗಳಿಗೆ ಆಟೋ ಭಾಯಿಯ ಹೆಂಡತಿ ಬಂದರು. ಬಿಹಾರದವರ ಶೆಡ್ಡಿಗೆ ಅವರದೇ ಮೇಸ್ತ್ರಿ. ಪಿಜಿಯವರಿಗೆ ಮಾತ್ರ ಒಬ್ಬಳು ಹುಡುಗಿ ಚಿತ್ರ ಬರೆದುಕೊಟ್ಟಳು: ಬಾಳೆಹಣ್ಣಿನ ಸಿಪ್ಪೆ, ಮೀನಿನ ಮೂಳೆ, ಅಕ್ಕಿ ತೊಳೆದ ಪಾತ್ರೆ. ಆ ಚಿತ್ರವೇ ಈಗ ನಮ್ಮ ಡ್ರಮ್ಮಿನ ಮೇಲೆ ಇರುವುದು. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಚುಕ್ಕಿ ಇಡಿ ಅನ್ನುವ ಮಾತನ್ನು ಗಂಡಸರ ಎದುರು ಹೇಳಲು ನಾನೇ ಮೊದಲು ಹಿಂಜರಿದೆ. ಎರಡನೇ ವಾರ ಹೇಳಿದೆ. ಯಾರೂ ಏನೂ ಅನ್ನಲಿಲ್ಲ.

ಇಷ್ಟೆಲ್ಲ ಮಾಡುತ್ತಾ ನಾವು ಒಬ್ಬರನ್ನು ಕೇಳುವುದನ್ನೇ ಮರೆತಿದ್ದೆವು. ನಮ್ಮ ರಸ್ತೆ ಗುಡಿಸುವ ಪೌರಕಾರ್ಮಿಕ ಅಕ್ಕನನ್ನು. ಅವರ ಮನೆಮಾತು ತೆಲುಗು, ನನ್ನ ಜೊತೆ ಕನ್ನಡ. ಒಂದು ದಿನ ಬೇಕರಿ ಮುಂದೆ ಟೀ ಕೊಡಿಸಿ, ಗೋಡೆಗೆ ಯಾವ ಬಣ್ಣ ಹೊಡೆದರೆ ಚೆನ್ನ ಅಂತ ಕೇಳಿದೆ. ಅವರು ಲೋಟ ಪಕ್ಕಕ್ಕಿಟ್ಟು ಬಲಗೈ ಬಿಡಿಸಿ ತೋರಿಸಿದರು. ಹೆಬ್ಬೆರಳ ಬುಡದಿಂದ ಅಂಗೈ ಮಧ್ಯದವರೆಗೆ ಹೊಲಿಗೆ ಹಾಕಿದ ಗೆರೆ. "ಬಣ್ಣ ನಿಮ್ಮಿಷ್ಟ ಅಮ್ಮ. ಗಾಜು ಮಾತ್ರ ಬೇರೆ ಕೊಡಿ. ಹಸಿ ಕಸದಲ್ಲಿ ಬಲ್ಬು ಒಡೆದು ಹಾಕಿದ್ರು, ಗ್ಲೌಸ್ ಹರ್ದು ಒಳಗೆ ಹೋಯ್ತು. ಹದಿನೈದು ದಿನ ಪೊರಕೆ ಹಿಡಿಯೋಕೆ ಆಗಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: "ಮಧ್ಯಾಹ್ನದ ತನಕ ಟಾಯ್ಲೆಟ್‌ಗೆ ಹೋಗೋಕೆ ಜಾಗ ಇಲ್ಲ. ಅದಕ್ಕೇ ನೀರು ಕುಡಿಯಲ್ಲ."

22 ವರ್ಷ ಅವರಂಥವರ ಮುಂದೆ ನಾನು ಓಡಾಡಿದ್ದೇನೆ. ಒಂದು ದಿನವೂ ಇದು ನನಗೆ ಹೊಳೆದಿರಲಿಲ್ಲ. ಆಂಟಿಯ ಶೆಡ್ಡಿನ ಪಕ್ಕದಲ್ಲಿ ಹಳೆಯ ಹೊರಗಿನ ಟಾಯ್ಲೆಟ್ ಇತ್ತು, ಬೀಗ ಹಾಕಿ ವರ್ಷಗಳಾಗಿತ್ತು. ಮೊದಲು ಅದನ್ನು ರಿಪೇರಿ ಮಾಡಿಸಿದೆವು. ಒಂದು ನಲ್ಲಿ, ಒಂದು ಬಲ್ಬು, ಒಳಗಿನಿಂದ ಹಾಕುವ ಹೊಸ ಚಿಲಕ. ಬೀಗದ ಕೈ ಒಂದು ಪೌರಕಾರ್ಮಿಕ ಅಕ್ಕಂದಿರ ಹತ್ತಿರ ಇರುತ್ತದೆ. ಗಾಜಿಗೆ ಒಂದು ತಗಡಿನ ಡಬ್ಬ ಬೇರೆ ಇಟ್ಟೆವು. ನಾವು ಮಾಡಿದ ಕೆಲಸಗಳಲ್ಲಿ ಯಾವುದು ದೊಡ್ಡದು ಅಂತ ಯಾರಾದರೂ ಕೇಳಿದರೆ ನಾನು ಆ ಚಿಲಕ ತೋರಿಸುತ್ತೇನೆ.

ಮೂಲೆಯನ್ನು ಸರಿ ಮಾಡಿದ್ದು ಇದೆಲ್ಲ ಆದ ಮೂರು ವಾರಕ್ಕೆ. ಆ ಹೊತ್ತಿಗೆ ಬೀಳುವ ಕಸವೇ ಕಾಲು ಭಾಗಕ್ಕೆ ಇಳಿದಿತ್ತು. ಟ್ರಾನ್ಸ್‌ಫಾರ್ಮರ್ ಇರುವ ಕಡೆ ನಿಮ್ಮಷ್ಟಕ್ಕೆ ನೀವೇ ಕೈ ಹಾಕಬೇಡಿ. 1912ಕ್ಕೆ ಫೋನ್ ಮಾಡಿದರೆ ಬೆಸ್ಕಾಂನವರು ಸಿಗುತ್ತಾರೆ, ಲೈನ್‌ಮನ್ ಬಂದು ನಿಂತ ಮೇಲೆಯೇ ನಾವು ಶುರು ಮಾಡಿದ್ದು. ಕಸ ಎತ್ತಿ, ಕೊಳೆತ ಮಣ್ಣು ಅರ್ಧ ಅಡಿ ತೆಗೆದು, ಹೊಸ ಮಣ್ಣು ತುಂಬಿ ಕಲ್ಲು ಚಪ್ಪಡಿ ಕೂರಿಸಿದೆವು. ಗೋಡೆಗೆ ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ಬಿಳಿ ಪಟ್ಟೆ. ದೇವರ ಚಿತ್ರದ ಟೈಲ್ಸ್ ಹಾಕೋಣ, ಯಾರೂ ಕಸ ಹಾಕಲ್ಲ ಅಂತ ಕೆಲವರು ಹೇಳಿದರು. ಬೇಡ ಅಂದೆ. ದೇವರನ್ನು ಕಸ ಕಾಯಲು ನಿಲ್ಲಿಸುವುದು ಸರಿಯಲ್ಲ. ಮೂರು ಧರ್ಮದ ಚಿತ್ರ ಸಾಲಾಗಿ ಹಾಕಿದರೆ ನಾಳೆ ಯಾವುದರ ಮೇಲೆ ಏನು ಬಿತ್ತು ಅಂತ ಜಗಳ. ಚಿತ್ರದ ಬದಲು ಒಂದು ಕಲ್ಲು ಬೆಂಚು ಹಾಕಿದೆವು. ಜನ ಕೂತುಕೊಳ್ಳುವ ಕಡೆ ಕಸ ಹಾಕಲು ಕೈ ಬರುವುದಿಲ್ಲ.

ಒಟ್ಟು ಖರ್ಚು 18,600 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಟಾಯ್ಲೆಟ್ ರಿಪೇರಿಗೆ. ಮನೆಗೆ ಇಷ್ಟು ಅಂತ ವಸೂಲಿ ಮಾಡಲಿಲ್ಲ, ಕೊಟ್ಟಷ್ಟು ತೆಗೆದುಕೊಂಡೆವು. ಇಪ್ಪತ್ತು ರೂಪಾಯಿ ಕೊಟ್ಟವರ ಹಣವೂ ಸೇರಿ ಪೂರ್ತಿ ಲೆಕ್ಕವನ್ನು ಬೇಕರಿ ಗೋಡೆಗೆ ಅಂಟಿಸಿದ್ದೆವು. ಯಾರ ಹೆಸರೂ ಹಾಕಲಿಲ್ಲ. ಬೀದಿದೀಪಕ್ಕೆ ಅರ್ಜಿ ಕೊಟ್ಟು ಐದು ತಿಂಗಳು ಓಡಾಡಿದ ಮೇಲೆ ಅದೂ ಬಂತು.

ಹಬ್ಬಗಳ ವಿಷಯ ಸ್ವಲ್ಪ ಹೇಳಬೇಕು. ಬಕ್ರೀದ್ ಹತ್ತಿರ ಬಂದಾಗ ನನಗೆ ಒಳಗೊಳಗೇ ಭಯ ಇತ್ತು. ಕೇಳುವುದು ಹೇಗೆ ಅಂತ ಸಂಕೋಚ. ಕೊನೆಗೆ ಭಾಯಿಯನ್ನೇ ಕೇಳಿದೆ. ಮಸೀದಿಯವರು ಆಗಲೇ ಕುರ್ಬಾನಿಯ ಕಸಕ್ಕೆ ಬೇರೆ ಗಾಡಿ ಗೊತ್ತು ಮಾಡಿ, ಮನೆಗೆ ದಪ್ಪ ಚೀಲ ಹಂಚಿ, ಹುಡುಗರಿಗೆ ರಸ್ತೆ ಹಂಚಿಕೊಟ್ಟಿದ್ದರು. ಸಂಜೆಯೊಳಗೆ ರಸ್ತೆ ತೊಳೆದು ಮುಗಿಸಿದರು. ನಿಜವಾಗಿ ಕಷ್ಟ ಆದದ್ದು ನಮ್ಮ ಆಯುಧಪೂಜೆಗೆ. ಮಾರಿ ಉಳಿದ ಬಾಳೆಕಂದು, ಒಡೆದ ಬೂದುಗುಂಬಳಕಾಯಿ, ಮಾವಿನ ಸೊಪ್ಪು, ಸೇವಂತಿಗೆ ಹೂವು, ಎಲ್ಲ ಮರುದಿನ ಮೂಲೆಯಲ್ಲಿ. ಭಾಯಿ ಮತ್ತು ಆ ಹುಡುಗರೇ ನಮ್ಮ ಜೊತೆ ನಿಂತು ಎತ್ತಿಸಿದರು. ಮರುವರ್ಷ ನಾವೂ ಅವರನ್ನು ನೋಡಿ ಕಲಿತು, ಹಬ್ಬದ ಹಿಂದಿನ ದಿನವೇ ಅಂಗಡಿ ಹಾಕುವವರ ಹತ್ತಿರ ಹೋಗಿ ಮಾತಾಡಿಕೊಂಡು, ಉಳಿದ ಬಾಳೆಕಂದು ವಾಪಸ್ ಒಯ್ಯಲು ಒಂದು ಟೆಂಪೋಗೆ ಹೇಳಿಟ್ಟೆವು.

ಒಣ ಕಸದ ಚೀಲಗಳು ಈಗ ವಾರಕ್ಕೆ ಎರಡು ಸಲ ಒಣ ಕಸ ಸಂಗ್ರಹ ಕೇಂದ್ರಕ್ಕೆ ಹೋಗುತ್ತವೆ. ಮೊದಲು ಬೀದಿಯಲ್ಲಿ ಕಸ ಆಯುತ್ತಿದ್ದವರು ನಡೆಸುವ ಕೇಂದ್ರ ಅದು. ಒಂದು ಸಲ ಪಿಜಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹಾಲಿನ ಕವರು ತೊಳೆದು ಕೊಟ್ಟರೆ ಎಷ್ಟು ವ್ಯತ್ಯಾಸ ಅಂತ ಅಲ್ಲಿನ ಅಣ್ಣ ಮೂಸಿ ನೋಡಲು ಹೇಳಿ ತೋರಿಸಿದರು. ಮಂಡೂರಿನ ಕಥೆಯನ್ನೂ ಹೇಳಿದರು. ಬೆಂಗಳೂರಿನ ಕಸ ಹೊತ್ತ ಲಾರಿಗಳು ವರ್ಷಗಟ್ಟಲೆ ಆ ಹಳ್ಳಿಗೆ ಹೋಗಿ ಸುರಿದವು. ಜನ ಹೋರಾಡಿ 2014ರ ಕೊನೆಗೆ ನಿಲ್ಲಿಸಿದರು. ನಮ್ಮ ಮೂಲೆಯಿಂದ ಎತ್ತಿದ್ದು ಎಲ್ಲಿಗೆ ಹೋಗುತ್ತಿತ್ತು ಅಂತ ಆ ಮಕ್ಕಳಂತೆ ನಾನೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಎಲ್ಲ ಸರಿಹೋಗಿಲ್ಲ. ಎಳನೀರು ಬುರುಡೆಗೆ ಇನ್ನೂ ದಾರಿ ಸಿಕ್ಕಿಲ್ಲ. ಸ್ಕೂಟರಿನವರು ವಾರಕ್ಕೆ ಒಂದೆರಡು ಚೀಲ ಈಗಲೂ ಎಸೆಯುತ್ತಾರೆ. ಕಂಡ ಕೂಡಲೇ ಎತ್ತಿಬಿಡುತ್ತೇವೆ, ಯಾಕೆಂದರೆ ಒಂದು ಚೀಲ ಒಂದು ಗಂಟೆ ಅಲ್ಲೇ ಉಳಿದರೆ ಅದರ ಪಕ್ಕಕ್ಕೆ ಇನ್ನೊಂದು ಬರುತ್ತದೆ. ಆಂಟಿಗೆ ಕಳೆದ ತಿಂಗಳು ಮಂಡಿ ಆಪರೇಶನ್ ಆಯಿತು. ಬೆಳಗಿನ ಗೇಟು ತೆಗೆಯುವ ಕೆಲಸ ಈಗ ಆಸ್ಪತ್ರೆಯ ಆ ಹೆಣ್ಣುಮಗಳು ವಹಿಸಿಕೊಂಡಿದ್ದಾಳೆ. ಐದಕ್ಕೆ ಬಂದು ಗೇಟು ತೆಗೆದು, ತನ್ನ ಚೀಲ ಹಾಕಿ, ಡ್ರಮ್ಮಿನ ಮುಚ್ಚಳ ಸರಿ ಮಾಡಿ ಬಸ್ಸಿಗೆ ಹೊರಡುತ್ತಾಳೆ. ಆರೂವರೆಗೆ ನಾನು ಹೋಗಿ ಮುಚ್ಚುತ್ತೇನೆ.