ನೀರು ನೋಡಿ ಹೊರಡುವ ದೋಣಿ

ಗೋಕರ್ಣದಿಂದ ಫೋನ್ ಮಾಡುವವರು ಮೊದಲು ಕೇಳುವುದು, ‘ನಾಳೆ ಬೋಟ್ ಎಷ್ಟು ಗಂಟೆಗೆ?’ ನಾನು ಪಂಚಾಂಗ ತೆಗೆಯುತ್ತೇನೆ. ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವತ್ತಿನ ಉಬ್ಬರಕ್ಕಿಂತ ನಾಳೆಯದು ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಬಹಳ ಏರುತ್ತದೆ, ಅಷ್ಟೇ ಇಳಿಯುತ್ತದೆ. ಅಷ್ಟಮಿಯ ಆಚೀಚೆ ಏರಿಳಿತ ಕಡಿಮೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರುಗಾಲುವೆಗೆ ದೋಣಿ ಹೊಗಬೇಕಾದರೆ ಉಬ್ಬರ ಬೇಕು. ಹಕ್ಕಿ ನೋಡುವವರಿಗೆ ಇಳಿತ ಶುರುವಾಗುವ ಹೊತ್ತು ಒಳ್ಳೆಯದು: ಕೆಸರು ಬಯಲಾದ ಹಾಗೆ ಹಕ್ಕಿಗಳು ಹುಳು, ಸಿಗಡಿ ಹುಡುಕುತ್ತ ಇಳಿಯುತ್ತವೆ. ಹಾಗಾಗಿ ನಮ್ಮಲ್ಲಿ ‘ಬೆಳಿಗ್ಗೆ ಹತ್ತರ ಟ್ರಿಪ್’ ಅಂತ ಇಲ್ಲ. ಅತಿಥಿಯೇ ತನ್ನ ದಿನವನ್ನು ನೀರಿಗೆ ಹೊಂದಿಸಿಕೊಳ್ಳಬೇಕು. ನಮ್ಮ ಕೆಲಸವೆಲ್ಲ ನಿಂತಿರುವುದು ಈ ಒಂದು ಶರತ್ತಿನ ಮೇಲೆ.

ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಹತ್ತಿರ ಸಮುದ್ರ ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಬಿದ್ದಿಲ್ಲ. ಘಟ್ಟದ ಸಿಹಿನೀರು ಅಡ್ಡಿಯಿಲ್ಲದೆ ಬಂದು ಉಪ್ಪುನೀರಿಗೆ ಸೇರುವುದರಿಂದಲೇ ಇಲ್ಲಿ ಮೀನು, ಸಿಗಡಿ, ಬೆಳಚು ಎಂಬ ಚಿಪ್ಪುಮೀನು ಇವೆ, ಅವನ್ನು ನಂಬಿದ ಮನೆಗಳಿವೆ. 4,801 ಹೆಕ್ಟೇರ್ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆಯೆಂಬ ಘೋಷಣೆ 2024ರ ಆರಂಭದಲ್ಲಿ ಬಂದ ಮೇಲೆ ಹೊರಗಿನವರಿಗೂ ಇದರ ಹೆಸರು ಗೊತ್ತಾಯಿತು.

ದೋಣಿ ಇಳಿಸುವ ಮೊದಲು ನಾನು ಹೋದದ್ದು ಬೆಳಚು ಹೆಕ್ಕುವ ಹೆಂಗಸರ ಹತ್ತಿರ. ಇಳಿತದಲ್ಲಿ ಸೊಂಟದ ನೀರಿನಲ್ಲಿ ಗಂಟೆಗಟ್ಟಲೆ ನಿಂತು ದುಡಿಯುವವರು ಅವರು. ಅವರ ಕೆಲಸದ ಜಾಗವೇ ಪ್ರವಾಸಿಗರ ಕಣ್ಣಿಗೆ ‘ವ್ಯೂ ಪಾಯಿಂಟ್’. ಹಿರಿಯಳೊಬ್ಬಳು, ‘ಬರ್ಲಿ ತಮಾ, ಬೇಡ ಅನ್ನೂದಿಲ್ಲ. ಬಗ್ಗಿದ ಹೊತ್ತಲ್ಲಿ ಫೋಟೋ ಹೊಡೀಬೇಡಿ ಅನ್ನು’ ಎಂದಳು. ಬೆಳಚು ಇರುವ ದಿಬ್ಬದ ಮೇಲೆ ಯಾರೂ ಇಳಿದು ಓಡಾಡಬಾರದು ಎಂಬುದೂ ಅವರದೇ ಮಾತು. ಈ ಎರಡನ್ನೂ ದೋಣಿ ಹತ್ತುವ ಮೊದಲೇ ಹೇಳುತ್ತೇನೆ, ಒಪ್ಪದವರಿಗೆ ಮುಂಗಡ ಹಣ ವಾಪಸು ಕೊಡುತ್ತೇನೆ. ಕೆಲವರು ಮುನಿಸಿಕೊಂಡು ಹೋಗಿದ್ದಾರೆ. ಇರಲಿ.

ಎಂಜಿನ್ ಹಾಕಿಸು ಎಂದು ಮನೆಯವರೂ ಹೇಳಿದರು. ಇನ್ನಷ್ಟು ಜನರನ್ನು ಕರೆದೊಯ್ಯಬಹುದು, ನಿಜ. ಆದರೆ ಇಕ್ಕಟ್ಟಿನ ಕಾಲುವೆಯಲ್ಲಿ ಎಂಜಿನ್ ಎಬ್ಬಿಸುವ ಅಲೆ ದಂಡೆಯ ಮಣ್ಣನ್ನು ಕೊರೆಯುತ್ತದೆ, ಕಾಂಡ್ಲಾದ ಎಳೆಗಿಡ ಬೇರು ಬಿಡುವುದಕ್ಕೆ ಬಿಡುವುದಿಲ್ಲ. ಚಳಿಗಾಲಕ್ಕೆ ಎಲ್ಲಿಂದಲೋ ಹಾರಿ ಬಂದ ಹಕ್ಕಿ ಸದ್ದಿಗೆ ಬೆದರಿ ಎದ್ದಾಗಲೆಲ್ಲ, ಮರಳುವ ದಾರಿಗೆಂದು ಕೂಡಿಸಿಕೊಳ್ಳುತ್ತಿರುವ ಕಸುವನ್ನು ಕಳೆದುಕೊಳ್ಳುತ್ತದೆ. ಅದಕ್ಕೇ ಹುಟ್ಟು ಹಾಕಿ, ಜಲ್ಲೆ ಊರಿ ಹೋಗುತ್ತೇವೆ. ದೋಣಿಗೆ ನಾಲ್ಕೈದು ಜನ, ಅದಕ್ಕಿಂತ ಹೆಚ್ಚಿಲ್ಲ.

ಊಟ ದಂಡೆಯ ಮನೆಗಳಲ್ಲಿ. ಕಗ್ಗ ಅಕ್ಕಿಯ ಅನ್ನ, ಬೆಳಚಿನ ಪದಾರ್ಥ ಅಥವಾ ಆ ದಿನ ಬಲೆಗೆ ಬಿದ್ದ ಮೀನು. ಕಗ್ಗದ ಕತೆ ಹೇಳದೆ ನಾನು ಯಾರನ್ನೂ ಏಳಿಸುವುದಿಲ್ಲ. ಉಪ್ಪುನೀರನ್ನು ತಾಳಿಕೊಂಡು, ನೆರೆಯಲ್ಲಿ ಮುಳುಗಿಯೂ ಬದುಕುವ ಭತ್ತ ಅದು; ಅದನ್ನು ಬೆಳೆಯುವ, ಅಳಿವೆ ದಂಡೆಯ ಗಜನಿ ಗದ್ದೆಗೆ ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಡುತ್ತಾರೆ, ಕೊಳೆತ ಕೂಳೆ ಸಿಗಡಿ, ಮೀನಿಗೆ ಆಹಾರವಾಗುತ್ತದೆ. ಮಾಣಿಕಟ್ಟಾ ಕಡೆ ಇಂಥ ಗಜನಿ ಇನ್ನೂ ಇದೆ, ಆದರೆ ಬಿತ್ತುವವರು ಕಡಿಮೆಯಾಗಿದ್ದಾರೆ. ಅತಿಥಿಗಳು ಹೋಗುವಾಗ ಅಕ್ಕಿ ಒಯ್ಯಲು ಶುರುಮಾಡಿದ ಮೇಲೆ ಪಾಳು ಬಿಟ್ಟ ಗದ್ದೆಗೆ ಒಬ್ಬರು ಮತ್ತೆ ಬೀಜ ಹಾಕಿದರು. ಇದಕ್ಕಿಂತ ದೊಡ್ಡ ಗಳಿಕೆ ನನಗೆ ಯಾವುದೂ ಕಂಡಿಲ್ಲ. ಊಟದ ಹಣ, ಅಕ್ಕಿಯ ಹಣ ನೇರ ಆ ಮನೆಗೇ. ನನ್ನ ಪಾಲು ದೋಣಿಯದ್ದು ಮಾತ್ರ.

ಮಳೆ ಹಿಡಿದ ಮೇಲೆ ದೋಣಿ ಮೇಲೆಳೆದು ಕಟ್ಟುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ, ಮೀನು ಮರಿ ಮಾಡುವ ಕಾಲ. ಆ ತಿಂಗಳುಗಳಲ್ಲಿ ನಮ್ಮ ಕೈಗೆ ಬೇರೆ ಕೆಲಸ ಇರುತ್ತದೆ: ಗಜನಿಯ ಕಟ್ಟೆ ಕಾಯುವುದು, ಬಿತ್ತನೆ, ಬಲೆ ಹೊಲಿಯುವುದು. ಪ್ರವಾಸದ ದುಡ್ಡೊಂದನ್ನೇ ನೆಚ್ಚಿಕೊಂಡಿದ್ದರೆ ಬೇಡ ಎನ್ನುವ ಧೈರ್ಯ ನಮಗೆ ಇರುತ್ತಿರಲಿಲ್ಲ.

ಈಗ ದೊಡ್ಡ ದೋಣಿ ಬಿಡುತ್ತೇವೆ ಎಂದು ಹೊರಗಿನವರು ಜಾಗ ವಿಚಾರಿಸುತ್ತಿದ್ದಾರೆ. ಒಳಗಾಲುವೆಗಳಿಗೆ ಎಂಜಿನ್ ಬೇಡ, ಪ್ರವಾಸಿ ದೋಣಿಗಳ ಸಂಖ್ಯೆಗೆ ಮಿತಿ ಇರಲಿ ಎಂದು ನಾವು ಪಂಚಾಯಿತಿಗೆ ಬರೆದುಕೊಟ್ಟಿದ್ದೇವೆ. ಮುಂದಿನ ಗ್ರಾಮಸಭೆಗೆ ಬೆಳಚು ಹೆಕ್ಕುವ ಹೆಂಗಸರೂ ಬರುತ್ತಾರೆ. ಸಭೆ ಇಳಿತದ ಹೊತ್ತಿಗೆ ಬೀಳದ ಹಾಗೆ ದಿನ ಇಡಿ ಎಂದು ಕೇಳಿಕೊಂಡಿದ್ದೇವೆ.